ಅಮ್ಮನ ಎಟಿಎಂ ಕಾರ್ಡ್ ಬದಲಿಸಿ ಹಣ ತೆಗೆದಿದ್ದಾರೆ. ‘ಪಿನ್ ಸರಿಯಾಗಿದೆ, ಬ್ಯಾಂಕಿನ ಜವಾಬ್ದಾರಿ ಇಲ್ಲ’ ಅಂತಾರೆ. ಮುಂದೇನು?

ಮಲೆನಾಡ_ಮಗಳು

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಸಲಹೆ ಬೇಕು.

ಅಮ್ಮ ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಒಬ್ಬರೇ ಇದ್ದಾರೆ. ಅಪ್ಪನ ಕುಟುಂಬ ಪಿಂಚಣಿ ಅವರ ಖಾತೆಗೆ ಬರುತ್ತೆ. ಮೊನ್ನೆ ಸಂಜೆ ಬಸ್ ಸ್ಟ್ಯಾಂಡ್ ಹತ್ತಿರದ ಎಟಿಎಂಗೆ ಹೋದಾಗ ಕಾರ್ಡ್ ಓದ್ತಾ ಇರಲಿಲ್ಲವಂತೆ. ಹಿಂದೆ ನಿಂತಿದ್ದ ಹುಡುಗ ‘ಕೊಡಿ ಅಮ್ಮ, ಒರೆಸಿ ಹಾಕ್ತೀನಿ’ ಅಂತ ಕಾರ್ಡ್ ಇಸ್ಕೊಂಡು ಯಂತ್ರಕ್ಕೆ ಹಾಕಿ, ‘ಈಗ ಪಿನ್ ಒತ್ತಿ’ ಅಂದಿದ್ದಾನೆ. ಅಮ್ಮ ಒತ್ತಿದ್ದಾರೆ. ಹಣ ಬರಲಿಲ್ಲ. ‘ಈ ಮೆಷಿನ್ ಸರಿ ಇಲ್ಲ, ಬೇರೆ ಕಡೆ ನೋಡಿ’ ಅಂತ ಕಾರ್ಡ್ ವಾಪಸ್ ಕೊಟ್ಟು ಹೋಗಿದ್ದಾನೆ. ಅದೇ ಬ್ಯಾಂಕಿನ, ಅದೇ ಬಣ್ಣದ ಕಾರ್ಡ್. ಆದರೆ ಅಮ್ಮನದಲ್ಲ. ಅದರ ಮೇಲೆ ಯಾರೋ ಗಂಡಸಿನ ಹೆಸರಿದೆ.

ಆ ರಾತ್ರಿ 11.50ರ ಹೊತ್ತಿಗೆ ಪಕ್ಕದ ಜಿಲ್ಲೆಯ ಎಟಿಎಂನಲ್ಲಿ ₹20,000, ಹನ್ನೆರಡು ದಾಟಿದ ಕೂಡಲೇ ಇನ್ನೊಂದು ₹20,000 ಹೋಗಿದೆ. ಅಮ್ಮನದು ಬಟನ್ ಫೋನ್. ಎಸ್ಸೆಮ್ಮೆಸ್ ನೋಡಿದ್ದು ಬೆಳಿಗ್ಗೆ. 8.15ಕ್ಕೆ ಸಹಾಯವಾಣಿಗೆ ಫೋನ್ ಮಾಡಿದ್ದಾರೆ, ದೂರಿನ ನಂಬರೂ ಕೊಟ್ಟಿದ್ದಾರೆ. ಆಮೇಲೂ 9 ಗಂಟೆಗೆ ಯಾವುದೋ ಅಂಗಡಿಯಲ್ಲಿ ₹9,000ಕ್ಕೆ ಅದೇ ಕಾರ್ಡ್ ಸ್ವೈಪ್ ಆಗಿದೆ.

ಶಾಖೆಯಲ್ಲಿ ‘ಸರಿಯಾದ ಪಿನ್ ಹಾಕಿ ತೆಗೆದಿದ್ದಾರೆ, ಅಂದಮೇಲೆ ನೀವೇ ಕೊಟ್ಟ ಹಾಗೆ’ ಅಂದರಂತೆ. ಪೊಲೀಸ್ ಠಾಣೆಯಲ್ಲಿ ‘ಮೊದಲು ಬ್ಯಾಂಕಿಗೆ ಹೋಗಿ’ ಅಂದರು. ಅಮ್ಮ ಊಟ ಬಿಟ್ಟು ಕೂತಿದ್ದಾರೆ. ನಾನು ಬೆಂಗಳೂರಿನಿಂದ ಇವತ್ತು ರಾತ್ರಿ ಬಸ್ಸಿಗೆ ಹೊರಡ್ತಿದ್ದೀನಿ. ಅಲ್ಲಿ ಹೋಗಿ ಮೊದಲು ಏನು ಮಾಡಲಿ?

ಹುಬ್ಬಳ್ಳಿ_ನಿವೃತ್ತ

ತಂಗಿ, ಗಾಬರಿ ಆಗಬ್ಯಾಡ್ರಿ. ನಾ ಬ್ಯಾಂಕಿನ್ಯಾಗ ಇಡೀ ಸರ್ವೀಸ್ ಮುಗಿಸಿ ಬಂದಾಂವ. ಬಸ್ ಹತ್ತೂ ಮೊದಲ 1930ಕ್ಕ ಫೋನ್ ಹಚ್ಚಿ ದೂರು ಬರಸ್ರಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಸ್ವೈಪ್ ಆದ ಹಣ ಇನ್ನೂ ಅಂಗಡಿಯವರ ಖಾತೆಗೆ ಮುಟ್ಟಿಲ್ಲ ಅಂದ್ರ ತಡೀಲಿಕ್ಕೆ ಅವಕಾಶ ಇರತೈತಿ.

ಬ್ಯಾಂಕಿಗೆ ಬಾಯಿಮಾತಿನ್ಯಾಗ ಹೇಳಿದ್ದು ಏನೂ ಉಪಯೋಗ ಇಲ್ರಿ. ಬರದು ಕೊಡ್ರಿ, ಎರಡನೇ ಪ್ರತಿ ಮ್ಯಾಲ ಸೀಲು, ತಾರೀಖು, ಸಹಿ ಹಾಕಿಸ್ಕೋರಿ. ಹಾಕಂಗಿಲ್ಲ ಅಂದ್ರ ಅಲ್ಲೇ ನಿಂತು ಶಾಖೆಯ ಇಮೇಲಿಗೆ ಕಳಸ್ರಿ, ಸ್ಪೀಡ್ ಪೋಸ್ಟ್‌ನ್ಯಾಗೂ ಹಾಕ್ರಿ. ಎಸ್ಸೆಮ್ಮೆಸ್ ಬಂದ ದಿನ ಬಿಟ್ಟು ಮೂರು ಕೆಲಸದ ದಿನದೊಳಗ ಇದು ಆಗಬೇಕು.

ಇನ್ನ ಆ ಬ್ಯಾರೆಯವರ ಕಾರ್ಡು. ಅದನ್ನ ಶಾಖೆಯವರು ಕೇಳಿದ್ರೂ ಕೊಡಬ್ಯಾಡ್ರಿ. ಅದು ಕಳ್ಳಂದಲ್ಲ, ಅವ ನಿಮ್ಮ ತಾಯಿಗಿಂತ ಮೊದಲ ಯಾರಿಗೋ ಹಿಂಗ ಮೋಸ ಮಾಡಿ ಕಸಕೊಂಡಿದ್ದು. ಆ ಕಾರ್ಡಿನ ಮಾಲೀಕರೂ ಎಲ್ಲೋ ದೂರು ಕೊಟ್ಟಿರ್ತಾರ, ಎರಡೂ ಪ್ರಕರಣ ಕೂಡಿದ್ರ ಪೊಲೀಸರಿಗೆ ದಾರಿ ಸಿಗತೈತಿ. ಒಂದು ಲಕೋಟಿಯೊಳಗ ಹಾಕಿ ಜಿಲ್ಲಾ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧದ) ಠಾಣೆಗೆ ಒಯ್ದು ಕೊಟ್ಟು, ಕೊಟ್ಟಿದ್ದಕ್ಕ ಸ್ವೀಕೃತಿ ತಗೋರಿ.

ಕುಡ್ಲದ_ಕರಾವಳಿಗ

ಇದು ಹೆಚ್ಚಾಗಿದೆ ಮಾರಾಯ್ರೆ. ನಮ್ಮ ಕಡೆಯೂ ವಯಸ್ಸಾದವರನ್ನೇ ನೋಡಿ ಹಿಡಿಯುವುದು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬಂದದ್ದು ಉಂಟು: ವ್ಯವಹಾರಕ್ಕೆ ಮೊದಲು ಕ್ಯಾನ್ಸಲ್ ಬಟನ್ ಎರಡು ಸಲ ಒತ್ತಿದರೆ ಪಿನ್ ಕದಿಯಲಿಕ್ಕೆ ಆಗುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆಯಂತೆ. ಪಿನ್ ಉಲ್ಟಾ ಹಾಕಿದರೆ ಪೊಲೀಸರಿಗೆ ಸಂದೇಶ ಹೋಗ್ತದೆ ಅಂತಲೂ ಉಂಟು. ನಿಜವಾ?

ಎಟಿಎಂ_ಸರ್ವಿಸ್

ಎರಡೂ ಸುಳ್ಳು, ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ರಿಸರ್ವ್ ಬ್ಯಾಂಕ್ ಹಾಗೆ ಹೇಳಿಲ್ಲ. ಕ್ಯಾನ್ಸಲ್ ಒತ್ತಿದರೆ ಗುಪ್ತ ಕ್ಯಾಮೆರಾ ಕುರುಡಾಗಲ್ಲ. ಪಿನ್ ಉಲ್ಟಾ ಹಾಕೋ ವ್ಯವಸ್ಥೆ ಇದ್ದಿದ್ದರೆ 2112 ಅಂತ ಪಿನ್ ಇಟ್ಟವರು ಪ್ರತಿ ಸಲ ಹಣ ತೆಗೆದಾಗಲೂ ಪೊಲೀಸರು ಬರಬೇಕಿತ್ತು. ಇಂಥ ಸಂದೇಶ ನಂಬಿದವರು ನಿಜವಾದ ಎಚ್ಚರಿಕೆ ಬಿಟ್ಟುಬಿಡ್ತಾರೆ ಅನ್ನೋದೇ ನನ್ನ ಸಂಕಟ.

ಎಟಿಎಂ ಯಂತ್ರಗಳ ರಿಪೇರಿ, ನಿರ್ವಹಣೆ ನನ್ನ ಕೆಲಸ. ಒಳಗಿನ ವಿಷಯ ಸ್ವಲ್ಪ ಹೇಳ್ತೀನಿ, ಯಾಕೆಂದರೆ ಕಳ್ಳರು ಯಂತ್ರ ಬಿಟ್ಟು ಅಮ್ಮಂದಿರ ಪಕ್ಕ ಬಂದು ನಿಂತಿರೋದಕ್ಕೂ ಇದಕ್ಕೂ ಸಂಬಂಧ ಇದೆ.

ಮೊದಲೆಲ್ಲ ಕಾರ್ಡಿನ ಹಿಂದಿನ ಕಪ್ಪು ಪಟ್ಟಿಯಲ್ಲೇ ಎಲ್ಲ ಮಾಹಿತಿ ಇರ್ತಿತ್ತು. ಅದು ಬದಲಾಗದ ಮಾಹಿತಿ, ಓದಿದವರು ಇನ್ನೊಂದು ಕಾರ್ಡಿಗೆ ಬರೆದುಕೊಳ್ಳಬಹುದು. ಪಟ್ಟಿಯಲ್ಲಿ ಪಿನ್ ಇರಲ್ಲ. ಅದಕ್ಕೇ ಕಾರ್ಡ್ ಹಾಕುವ ಬಾಯಿಗೆ ಪಟ್ಟಿ ಓದಿಕೊಳ್ಳುವ ಸ್ಕಿಮ್ಮರ್, ಕೀಪ್ಯಾಡ್ ಕಾಣುವ ಜಾಗದಲ್ಲಿ ಕ್ಯಾಮೆರಾ, ಎರಡನ್ನೂ ಕೂರಿಸ್ತಿದ್ದರು. 2016ರ ಆಗಸ್ಟ್‌ನಲ್ಲಿ ತಿರುವನಂತಪುರದಲ್ಲಿ ಸಿಕ್ಕಿದ್ದು ಅಂಥದ್ದೇ. ಹೊಗೆ ಪತ್ತೆ ಮಾಡುವ ಉಪಕರಣದ ರೂಪದಲ್ಲಿ ಚಾವಣಿಗೆ ಕ್ಯಾಮೆರಾ ಅಂಟಿಸಿದ್ದರು, ಹಣ ತೆಗೆದದ್ದು ಮುಂಬೈಯಲ್ಲಿ. ರೊಮೇನಿಯಾದ ಒಬ್ಬ ಸಿಕ್ಕಿಬಿದ್ದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡ್‌ಗಳ ಮಾಹಿತಿ ಸೋರಿರಬಹುದು ಅಂತ ಬ್ಯಾಂಕುಗಳು ಕಾರ್ಡ್ ಬ್ಲಾಕ್ ಮಾಡಿದವು, ಪಿನ್ ಬದಲಿಸಿ ಅಂದವು. ಅಲ್ಲಿ ಯಾರೂ ಯಾವ ಯಂತ್ರಕ್ಕೂ ಏನೂ ಅಂಟಿಸಿರಲಿಲ್ಲ. ಎಟಿಎಂ ವ್ಯವಹಾರ ನಡೆಸಿಕೊಡುವ ಕಂಪನಿಯೊಂದರ ವ್ಯವಸ್ಥೆಗೇ ಕುತಂತ್ರಾಂಶ ಹೊಕ್ಕಿತ್ತು. 641 ಗ್ರಾಹಕರು ₹1.3 ಕೋಟಿ ಕಳೆದುಕೊಂಡರು ಅಂತ ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಹೇಳಿತು.

ಆಮೇಲೆ ಬಿಗಿ ಶುರುವಾಯಿತು. 2018ರ ಕೊನೆಯೊಳಗೆ ಎಲ್ಲರಿಗೂ ಚಿಪ್ ಕಾರ್ಡ್. ಚಿಪ್ ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ಹುಟ್ಟಿಸುತ್ತೆ, ಇವತ್ತಿನದು ಕದ್ದರೆ ನಾಳೆಗೆ ನಡೆಯಲ್ಲ. 2014ರ ಏಪ್ರಿಲ್‌ನಲ್ಲೇ ಕಂಪನಿ ಭದ್ರತಾ ಅಪ್‌ಡೇಟ್ ನಿಲ್ಲಿಸಿ ಕೈಬಿಟ್ಟ ವಿಂಡೋಸ್ ಎಕ್ಸ್‌ಪಿ ಆಮೇಲೂ ಎಷ್ಟೋ ಎಟಿಎಂಗಳಲ್ಲಿ ಓಡ್ತಾ ಇತ್ತು. ಅದನ್ನು 2019ರ ಜೂನ್ ಒಳಗೆ ಹಂತಹಂತವಾಗಿ ತೆಗೆಯಬೇಕು, ಯುಎಸ್‌ಬಿ ಕಿಂಡಿ ಮುಚ್ಚಬೇಕು ಅಂತ ರಿಸರ್ವ್ ಬ್ಯಾಂಕ್ 2018ರ ಜೂನ್‌ನಲ್ಲಿ ಗಡುವು ಕೊಟ್ಟಿತು. ಯಂತ್ರವನ್ನೇ ಹೊತ್ತುಕೊಂಡು ಹೋಗೋದು ತಪ್ಪಿಸೋಕೆ ನೆಲಕ್ಕೋ ಗೋಡೆಗೋ ಬಿಗಿಯಬೇಕು ಅನ್ನೋ ಆದೇಶ ಬಂದಿದ್ದು 2019ರಲ್ಲಿ. ಪಿನ್ ಅಂತೂ ನೀವು ಒತ್ತಿದ ಕೀಪ್ಯಾಡಿನ ಒಳಗೇ ಗೂಢಲಿಪಿಯಾಗುತ್ತೆ. ಯಂತ್ರದ ಕಂಪ್ಯೂಟರಿಗೂ ಅದು ಕಾಣಲ್ಲ, ಬಾಗಿಲು ತೆಗೆದು ಕೂತ ನಮಗೂ ಕಾಣಲ್ಲ.

ಹಾಗಂತ ಎಲ್ಲ ಭದ್ರ ಅಂತಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಬ್ಯಾಂಕಿನಿಂದ ಸುಮಾರು ₹94 ಕೋಟಿ ಹೋಯಿತು. ಅದರ ದೊಡ್ಡ ಪಾಲು 28 ದೇಶಗಳ ಎಟಿಎಂಗಳಿಂದ ನಕಲಿ ಕಾರ್ಡ್ ಹಾಕಿ ತೆಗೆದದ್ದು. ‘ಈ ಕಾರ್ಡಿಗೆ ಹಣ ಕೊಡಬಹುದಾ’ ಅಂತ ಯಂತ್ರ ಕೇಳಿದಾಗ ಬ್ಯಾಂಕಿನ ಸ್ವಿಚ್ (ಅನುಮತಿ ಕೊಡುವ ಕಂಪ್ಯೂಟರ್ ವ್ಯವಸ್ಥೆ) ಜಾಗದಲ್ಲಿ ಕೂತ ಕಳ್ಳರ ಸಾಫ್ಟ್‌ವೇರೇ ‘ಕೊಡು’ ಅಂತ ಹೇಳ್ತಿತ್ತು.

ಆದರೆ ಬೀದಿಯ ಕಳ್ಳನಿಗೆ ಅಷ್ಟು ವಿದ್ಯೆ, ಬಂಡವಾಳ ಎಲ್ಲಿಂದ ಬರಬೇಕು? ಅವನಿಗೆ ಚಿಪ್ ಇರುವ ಅಸಲಿ ಕಾರ್ಡೇ ಬೇಕು, ಪಿನ್ ಕಣ್ಣಾರೆ ಕಾಣಬೇಕು. ಕೈಯಿಂದ ಕೈಗೆ ಬದಲಿಸಿದರೆ ಎರಡೂ ಸಿಗುತ್ತೆ. ಓದೋ ತಲೆ ಸವೆದ ಯಂತ್ರಗಳನ್ನ ಅವರೇ ಹುಡುಕಿಕೊಂಡು ಹೋಗ್ತಾರೆ. ಕೆಲವು ಕಡೆ ಕಾರ್ಡ್ ಬಾಯಿಗೆ, ಬಟನ್ನಿಗೆ ಗೋಂದು ಹಾಕಿರೋದನ್ನ ನಾನೇ ಕೆರೆದು ತೆಗೆದಿದ್ದೀನಿ. ಮೇಡಂ, ಆ ಯಂತ್ರದ ನಂಬರ್ ಸಿಗುತ್ತಾ? ಕಾರ್ಡ್ ಓದದ ದೂರು ಅಲ್ಲಿ ಮೊದಲೇ ದಾಖಲಾಗಿದ್ದರೆ ನಿಮ್ಮ ವಾದಕ್ಕೆ ಬಲ.

ಶೆಟ್ಟಿಹಳ್ಳಿ_ರಮಾ

ಒಂದು ಮಾತು ಕೇಳಬೇಕು. ಆ ಎಟಿಎಂನಲ್ಲಿ ಕಾವಲುಗಾರ ಇದ್ದರಾ? 2013ರ ನವೆಂಬರ್‌ನಲ್ಲಿ ಬೆಂಗಳೂರಿನ ಎಟಿಎಂ ಒಳಗೆ ಬೆಳಬೆಳಿಗ್ಗೆ ಒಬ್ಬ ಮಹಿಳೆಯ ಮೇಲೆ ಮಚ್ಚಿನಿಂದ ಹಲ್ಲೆ ಆಯ್ತಲ್ಲ, ಆ ಸಿಸಿಟಿವಿ ದೃಶ್ಯ ನೋಡಿ ನಾವೆಲ್ಲ ನಡುಗಿದ್ದೆವು. ಕಾವಲುಗಾರ ಇಲ್ಲದ ಎಟಿಎಂ ಮುಚ್ಚಿಸ್ತೀವಿ ಅಂತ ಪೊಲೀಸರು ಹೊರಟಿದ್ದರು. ಆರೋಪಿ ಸಿಕ್ಕಿದ್ದು 2017ರಲ್ಲಿ. ಅಷ್ಟರಲ್ಲಿ ಕಾವಲುಗಾರರ ಮಾತನ್ನ ಎಲ್ಲರೂ ಮರೆತಿದ್ದರು. ಈಗ ನಮ್ಮ ಬಡಾವಣೆಯ ಎಷ್ಟೋ ಎಟಿಎಂಗಳಲ್ಲಿ ಬಾಗಿಲ ಚಿಲಕವೂ ಇಲ್ಲ.

ಎಟಿಎಂ_ಸರ್ವಿಸ್

ಕಾವಲುಗಾರರ ಬದಲು ದೂರದ ಕೇಂದ್ರದಿಂದ ಕ್ಯಾಮೆರಾ ನೋಡುವ ವ್ಯವಸ್ಥೆ ಬಂದಿದೆ. ಯಂತ್ರ ಒಡೆದರೆ ಅಲ್ಲಿ ಅಲಾರಂ ಆಗುತ್ತೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಒಬ್ಬ ಹುಡುಗ ಅಜ್ಜಿಯ ಕೈಯಿಂದ ಕಾರ್ಡ್ ತಗೊಂಡರೆ ಯಾವ ಅಲಾರಂ ಆಗುತ್ತೆ? ಬಾಗಿಲಲ್ಲಿ ಒಬ್ಬರು ಕೂತು ‘ಒಳಗೆ ಒಬ್ಬರೇ ಹೋಗಿ’ ಅಂದಿದ್ದರೆ ಈ ಮೋಸ ನಡೀತಿರಲಿಲ್ಲ.

ಕೌಂಟರ್_ನೌಕರ

ನಾನು ಈಗಲೂ ಬ್ಯಾಂಕಿನಲ್ಲೇ ಇದ್ದೀನಿ. ಮೇಡಂ ತಾಯಿಯವರ ಬಗ್ಗೆ ಮರುಕ ಇದೆ. ಆದರೂ ನಮ್ಮ ಕಡೆಯದ್ದನ್ನೂ ಹೇಳಲೇಬೇಕು.

ಗ್ರಾಹಕರ ನಿರ್ಲಕ್ಷ್ಯದಿಂದ, ಉದಾಹರಣೆಗೆ ಪಿನ್ ಹಂಚಿಕೊಂಡಿದ್ದರಿಂದ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಹಣ ಅವರದೇ ಹೊಣೆ ಅಂತ ರಿಸರ್ವ್ ಬ್ಯಾಂಕಿನ ಸುತ್ತೋಲೆಯಲ್ಲೇ ಇದೆ. ಮಾರತ್ತಹಳ್ಳಿಯ ಪ್ರಕರಣ ನೆನಪಿರಬಹುದು. 2013ರಲ್ಲಿ ಹೆರಿಗೆ ರಜೆಯಲ್ಲಿದ್ದ ಹೆಣ್ಣುಮಗಳು ಗಂಡನ ಕೈಗೆ ಕಾರ್ಡ್, ಪಿನ್ ಕೊಟ್ಟು ₹25,000 ತರೋಕೆ ಕಳಿಸಿದರು. ಹಣ ಬರಲಿಲ್ಲ, ಖಾತೆಯಲ್ಲಿ ಕಡಿತ ಆಯ್ತು. ಬೆಂಗಳೂರಿನ ಗ್ರಾಹಕ ವೇದಿಕೆಯಲ್ಲಿ ವರ್ಷಗಟ್ಟಲೆ ನಡೆದು 2018ರಲ್ಲಿ ಅವರು ಸೋತರು. ಪಿನ್ ಬೇರೆಯವರಿಗೆ ಹೇಳಿದ್ದೇ ಕಾರಣ. ಗಂಡನಿಗೆ ಕೊಟ್ಟಿದ್ದಕ್ಕೇ ಹೀಗಾದರೆ ಅಪರಿಚಿತನಿಗೆ ಕೊಟ್ಟಿದ್ದಕ್ಕೆ?

ಸುಳ್ಳು ದೂರುಗಳೂ ಬರ್ತವೆ. ನೋಟು ಹೊರಬರುವ ಕ್ಷಣಕ್ಕೆ ಯಂತ್ರದ ಕರೆಂಟ್ ತೆಗೆದು, ನೋಟು ಎಳೆದುಕೊಂಡು, ‘ಹಣ ಬರಲಿಲ್ಲ’ ಅಂತ ವಾಪಸ್ ಕೇಳುವ ಗ್ಯಾಂಗುಗಳಿವೆ. ಶಾಖೆಯವರು ಅನುಮಾನದಿಂದ ನೋಡೋಕೆ ಇದೂ ಒಂದು ಕಾರಣ.

ವಕೀಲೆ_ಮಂಡ್ಯ

ಕೌಂಟರ್_ನೌಕರ ಅವರೇ, ಸುತ್ತೋಲೆಯನ್ನು ಅರ್ಧಕ್ಕೆ ನಿಲ್ಲಿಸಿದಿರಿ. 2017ರ ಜುಲೈ 6ರ ಅದೇ ಸುತ್ತೋಲೆಯಲ್ಲಿ ಗ್ರಾಹಕರ ಹೊಣೆಯನ್ನು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ ಎಂದು ಸ್ಪಷ್ಟವಾಗಿ ಬರೆದಿದೆ. ‘ಪಿನ್ ಸರಿಯಾಗಿತ್ತು’ ಎಂಬುದು ಹಣ ಹೇಗೆ ಹೋಯಿತು ಎಂಬುದನ್ನಷ್ಟೇ ಹೇಳುತ್ತದೆ. ನಿರ್ಲಕ್ಷ್ಯವಿತ್ತು ಎಂಬುದಕ್ಕೆ ಅದು ಪುರಾವೆಯಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ವ್ಯವಸ್ಥೆಯಲ್ಲಿ ಇನ್ನೆಲ್ಲೋ ಇದೆ ಎಂದಾದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಶೂನ್ಯ ಹೊಣೆ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ ₹10,000, ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆಯವರದು ₹5,000. ಗ್ರಾಹಕರು ತಿಳಿಸಿದ 10 ಕೆಲಸದ ದಿನದೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ಇದನ್ನು ಎಷ್ಟು ಶಾಖೆಗಳಲ್ಲಿ ಗ್ರಾಹಕರಿಗೆ ಹೇಳುತ್ತಾರೆ?

ಮಾರತ್ತಹಳ್ಳಿಯ ಪ್ರಕರಣ ಇದಕ್ಕೆ ಹೊಂದುವುದಿಲ್ಲ. ಅಲ್ಲಿ ಕಾರ್ಡನ್ನೂ ಪಿನ್ನನ್ನೂ ತಿಳಿದೇ ಕೊಟ್ಟಿದ್ದರು. ಇಲ್ಲಿ ತಾಯಿ ಯಾರಿಗೂ ಪಿನ್ ಹೇಳಿಲ್ಲ, ತಾವೇ ಒತ್ತಿದ್ದಾರೆ, ಅವನು ಕದ್ದು ನೋಡಿದ್ದಾನೆ. ಕಾರ್ಡನ್ನು ವಂಚನೆಯಿಂದ ಕಸಿದುಕೊಂಡಿದ್ದಾನೆ. ಕದ್ದು ನೋಡುವುದಕ್ಕೂ ಹಂಚಿಕೊಳ್ಳುವುದಕ್ಕೂ ಇರುವ ಅಂತರವೇ ನಿಮ್ಮ ಇಡೀ ವಾದ. ದೂರಿನಲ್ಲಿ ಅಪ್ಪಿತಪ್ಪಿಯೂ ‘ಪಿನ್ ಕೊಟ್ಟೆವು’ ಎಂದು ಬರೆಯಬೇಡಿ, ನಡೆದದ್ದನ್ನು ನಡೆದ ಹಾಗೇ ಬರೆಯಿರಿ.

ಎಸ್ಸೆಮ್ಮೆಸ್ ಬೆಳಿಗ್ಗೆ ನೋಡಿದ್ದಕ್ಕೂ ಹೆದರಬೇಕಿಲ್ಲ. ಎಸ್ಸೆಮ್ಮೆಸ್‌ಗೆ ಗ್ರಾಹಕರು ಪ್ರತಿಕ್ರಿಯಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಬ್ಯಾಂಕ್ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದು ಕೇರಳ ಹೈಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ₹94,204ರ ಒಂದು ಪ್ರಕರಣದಲ್ಲಿ ಗುವಾಹಟಿ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದು ಬ್ಯಾಂಕಿನ ಮೇಲ್ಮನವಿ ತಳ್ಳಿಹಾಕಿತು. ಅದು ಆನ್‌ಲೈನ್ ವಂಚನೆ, ನಿಮ್ಮದರ ಹಾಗಲ್ಲ. ಆದರೂ ಗ್ರಾಹಕರು ಬೇಗ ತಿಳಿಸಿದ್ದಕ್ಕೆ ಅಲ್ಲಿ ಬೆಲೆ ಸಿಕ್ಕಿತು.

₹40,000ದ ವಿಚಾರದಲ್ಲಿ ಗೆದ್ದೇ ಗೆಲ್ಲುತ್ತೀರಿ ಎಂದು ನಾನು ಹೇಳಲಾರೆ. ಕಾರ್ಡ್ ಬದಲಾವಣೆ ನಿರ್ಲಕ್ಷ್ಯವೇ ಎಂಬುದರಲ್ಲಿ ವಾದಕ್ಕೆ ಎರಡು ಕಡೆಯೂ ಇದೆ. ಆದರೆ 9 ಗಂಟೆಯ ₹9,000 ಬೇರೆ ಮಾತು. ತಿಳಿಸಿದ ನಂತರದ ನಷ್ಟ ಪೂರ್ತಿ ಬ್ಯಾಂಕಿನದು. 8.15ರ ಕರೆಯ ದಾಖಲೆ, ದೂರಿನ ನಂಬರ್ ಜೋಪಾನ. ದೂರಿನಲ್ಲಿ ಎರಡೂ ಮೊತ್ತಗಳನ್ನು ಬೇರೆಬೇರೆ ಕಲಂ ಮಾಡಿ, ಒಟ್ಟಿಗೆ ಸೇರಿಸಿದರೆ ಒಟ್ಟಿಗೇ ತಿರಸ್ಕರಿಸುತ್ತಾರೆ. ಎರಡೂ ಎಟಿಎಂಗಳ ಸಿಸಿಟಿವಿ ದೃಶ್ಯ ಅಳಿಸದಂತೆ ಕಾಯ್ದಿಡಲು ಇವತ್ತೇ ಲಿಖಿತವಾಗಿ ಕೇಳಿ. ಹಳೆಯ ದೃಶ್ಯ ತಾನಾಗಿ ಅಳಿದುಹೋಗುತ್ತದೆ.

ಡಾಲಸ್_ಕನ್ನಡಿಗ

ಈ ನಿರ್ಲಕ್ಷ್ಯದ ಮಾತಿಗೆ ಒಂದು ಸೇರಿಸ್ತೀನಿ. ಇಲ್ಲಿ ಅಮೆರಿಕದಲ್ಲಿ ಡೆಬಿಟ್ ಕಾರ್ಡಿಗೆ ‘ರೆಗ್ಯುಲೇಷನ್ ಇ’ ಅನ್ನೋ ನಿಯಮ ಇದೆ. ಕಾರ್ಡ್ ಕಳುವಾದದ್ದು ಗೊತ್ತಾದ ಎರಡು ಕೆಲಸದ ದಿನದೊಳಗೆ ಹೇಳಿದರೆ ಗ್ರಾಹಕರ ಹೊಣೆ ಹೆಚ್ಚೆಂದರೆ 50 ಡಾಲರ್. ತಡವಾದರೆ 500ರವರೆಗೆ. ಸ್ಟೇಟ್‌ಮೆಂಟ್ ಕಳಿಸಿ 60 ದಿನ ಕಳೆದರೂ ಸುಮ್ಮನಿದ್ದರೆ ಆಮೇಲಿನದಕ್ಕೆ ಮಿತಿ ಇಲ್ಲ. ಆದರೆ ಗ್ರಾಹಕರು ಪಿನ್ನನ್ನು ಕಾರ್ಡಿನ ಮೇಲೇ ಬರೆದಿಟ್ಟಿದ್ದರೂ ಅದನ್ನೇ ನೆಪ ಮಾಡಿ ಹೆಚ್ಚಿನ ಹೊಣೆ ಹೊರಿಸುವಂತಿಲ್ಲ ಅಂತ ಅದರ ಅಧಿಕೃತ ವಿವರಣೆಯಲ್ಲೇ ಇದೆ. ವಂಚನೆಯಿಂದ ಅಥವಾ ದರೋಡೆಯಿಂದ ಕಾರ್ಡ್ ಪಡೆದು ಹಣ ತೆಗೆದರೆ ಅದು ಅನಧಿಕೃತವೇ. ನಮ್ಮ ಊರಿನ ಅಮ್ಮಂದಿರಿಗೂ ಈ ಒಂದು ಸಾಲು ಸಿಗಬೇಕು.

ಗದಗಿನ_ಮೇಷ್ಟ್ರು

ನಡುವ ಬಾಯಿ ಹಾಕೇನಿ, ಕ್ಷಮಿಸ್ರಿ. ನಂದು ಕಳವು ಅಲ್ಲ, ಹಣ ಬರಲಾರದ ಕಡಿತ ಆಗೇತಿ. ಎಷ್ಟು ದಿನ ಕಾಯಬೇಕು?

ಹುಬ್ಬಳ್ಳಿ_ನಿವೃತ್ತ

ಮೇಷ್ಟ್ರ, ಅದಕ್ಕ 2019ರ ನಿಯಮ ಐತಿ. ವ್ಯವಹಾರ ಆದ ಮ್ಯಾಲ ಐದು ದಿನದೊಳಗ ತಾನಾಗೇ ವಾಪಸ್ ಜಮಾ ಆಗಬೇಕು. ಆಮೇಲೆ ತಡ ಆದ ದಿನಕ್ಕ ₹100 ಪರಿಹಾರ. ನೀವು ಕೇಳದಿದ್ರೂ ಕೊಡಬೇಕು. ಚೀಟಿ ಬಂದಿದ್ರ ಒಗೀಬ್ಯಾಡ್ರಿ.

ಮಲೆನಾಡ_ಮಗಳು

ಊರಿಗೆ ಬಂದಿದ್ದೀನಿ. 1930ಕ್ಕೆ ದೂರು ಆಗಿದೆ. ಶಾಖೆಯಲ್ಲಿ ಸೀಲು ಹಾಕೋಕೆ ಒಪ್ಪಲಿಲ್ಲ. ನಿವೃತ್ತ ಸರ್ ಹೇಳಿದ ಹಾಗೆ ಅಲ್ಲೇ ನಿಂತು ಇಮೇಲ್ ಕಳಿಸಿ, ‘ಕಳಿಸಿದ್ದೀನಿ, ನೋಡಿ’ ಅಂದೆ. ಆಮೇಲೆ ಹಾಕಿಕೊಟ್ಟರು. ಎರಡು ಕಲಂ ಬೇರೆ ಮಾಡಿದ್ದೀನಿ, ಸಿಸಿಟಿವಿಗೂ ಬರೆದಿದ್ದೀನಿ.

ಸಿಇಎನ್ ಠಾಣೆಯಲ್ಲಿ ಚೆನ್ನಾಗಿ ಕೇಳಿಸಿಕೊಂಡರು. ಆ ಕಾರ್ಡಿನ ಮಾಲೀಕರು ಪಕ್ಕದ ಜಿಲ್ಲೆಯ ರೈತರು, ಅವರಿಗೂ ಹೀಗೇ ಆಗಿದೆ. ಯಾರೂ ದೂರು ತಗೊಳ್ಳಲ್ಲ ಅಂದುಕೊಂಡು ಅವರು ಸುಮ್ಮನಾಗಿದ್ದರಂತೆ. ಈಗ ಅವರದೂ ದಾಖಲಾಗಿದೆ.

ಇನ್ನು ಅಮ್ಮ ಹಣ ಹೇಗೆ ತೆಗೆಯಬೇಕು? ಎಟಿಎಂ ಅಂದರೇನೇ ಭಯ ಅಂತಿದ್ದಾರೆ.

ಎಟಿಎಂ_ಸರ್ವಿಸ್

ಹೊಸ ಕಾರ್ಡ್ ಬಂದಾಗ ದಿನದ ಮಿತಿಯನ್ನ ಅವರಿಗೆ ಬೇಕಾದಷ್ಟಕ್ಕೇ ಇಳಿಸಿ, ತಿಂಗಳ ಖರ್ಚಿಗೆ ತಕ್ಕ ಹಾಗೆ. ಆನ್‌ಲೈನ್, ವಿದೇಶಿ ಬಳಕೆ ಬಂದ್ ಇರಲಿ. 2020ರ ನಿಯಮದ ಪ್ರಕಾರ ಈ ಸೌಲಭ್ಯ ಎಲ್ಲ ಬ್ಯಾಂಕಿನಲ್ಲೂ ಇರಬೇಕು. ಅಮ್ಮನಿಗೆ ಹನ್ನೆರಡು ಗಂಟೆಯ ಲೆಕ್ಕವನ್ನೂ ತಿಳಿಸಿ. ದಿನ ಬದಲಾದರೆ ಮಿತಿ ಹೊಸದಾಗುತ್ತೆ ಅಂತಲೇ ಕಳ್ಳರು ಮಧ್ಯರಾತ್ರಿ ಎರಡೂ ಬದಿ ತೆಗೆಯೋದು. ಕೆಲವು ಬ್ಯಾಂಕುಗಳು ತಮ್ಮ ಎಟಿಎಂನಲ್ಲಿ ₹10,000 ಮೇಲೆ ತೆಗೆದರೆ ಓಟಿಪಿ ಕೇಳ್ತವೆ. ಕಳ್ಳ ಬೇರೆ ಬ್ಯಾಂಕಿನ ಎಟಿಎಂಗೆ ಹೋದರೆ ಆ ರಕ್ಷಣೆ ಇರಲ್ಲ, ಅದಕ್ಕೇ ಮಿತಿ ಇಳಿಸೋದು ಮುಖ್ಯ.

ಬೆರಳಚ್ಚು ಒತ್ತಿ ಹಣ ತೆಗೆಯೋದು ಸುಲಭ ಅಂತ ಯಾರಾದರೂ ಹೇಳಿದರೆ, ಬೆರಳಚ್ಚಿನ ಬಳಕೆ ತಡೆಯುವ ಆಧಾರ್ ಬಯೋಮೆಟ್ರಿಕ್ ಲಾಕ್ ಬಗ್ಗೆ ಮೊದಲು ತಿಳ್ಕೊಳ್ಳಿ. ಆಸ್ತಿ ನೋಂದಣಿ ಪತ್ರದ ಬೆರಳಚ್ಚು ಕದ್ದು ಖಾತೆ ಖಾಲಿ ಮಾಡಿದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಂದಿವೆ.

ಕೌಂಟರ್_ನೌಕರ

ನನ್ನ ಕಡೆಯಿಂದ ಒಂದು. ಶಾಖೆ ತೆರೆದಿರುವ ಹೊತ್ತಲ್ಲಿ, ಶಾಖೆಗೆ ಅಂಟಿಕೊಂಡ ಎಟಿಎಂಗೇ ಹೋಗಲಿ. ತೊಂದರೆ ಆದರೆ ನಮ್ಮಲ್ಲೊಬ್ಬರನ್ನ ಕರೆಯಲಿ, ಬರೋದು ನಮ್ಮ ಕೆಲಸ. ಕಾರ್ಡ್ ಮಾತ್ರ ನಮ್ಮ ಕೈಗೂ ಕೊಡೋದು ಬೇಡ. ವಕೀಲ ಮೇಡಂ ಹೇಳಿದ 10 ದಿನದ ಜಮಾ ವಿಚಾರ ನಮ್ಮ ಶಾಖೆಯ ಫಲಕದಲ್ಲಿ ಇಲ್ಲ. ಮ್ಯಾನೇಜರ್ ಹತ್ತಿರ ಮಾತಾಡಿ ಹಾಕಿಸ್ತೀನಿ.

ಮಲೆನಾಡ_ಮಗಳು

ಬ್ಯಾಂಕಿನ ಉತ್ತರ ಬಂತು. ₹9,000 ಪೂರ್ತಿ ವಾಪಸ್ ಜಮಾ ಮಾಡಿದ್ದಾರೆ. ₹40,000 ಬಗ್ಗೆ ‘ಪಿನ್ ಬಳಸಿ ನಡೆದ ವ್ಯವಹಾರವಾದ್ದರಿಂದ ಗ್ರಾಹಕರ ಹೊಣೆ’ ಅಂತ ಒಂದೇ ಸಾಲು. ಸಿಸಿಟಿವಿ ಬಗ್ಗೆ ಮಾತೇ ಇಲ್ಲ.

ವಕೀಲೆ_ಮಂಡ್ಯ

ಲಿಖಿತ ತಿರಸ್ಕಾರ ಸಿಕ್ಕಿದ್ದರಿಂದ ಇನ್ನು ಕಾಯಬೇಕಿಲ್ಲ. ಉತ್ತರವೇ ಬರದಿದ್ದರೆ 30 ದಿನ ಕಾಯಬೇಕಿತ್ತು. ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಿ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆ ಒಂದು ಸಾಲಿನ ಉತ್ತರವನ್ನೇ ಮೊದಲ ದಾಖಲೆಯಾಗಿ ಲಗತ್ತಿಸಿ, ‘ಹೊಣೆ ಸಾಬೀತು ಮಾಡುವ ಭಾರ ಬ್ಯಾಂಕಿನದು, ಪಿನ್ ಬಳಕೆ ಬಿಟ್ಟು ಬೇರಾವ ಸಾಕ್ಷ್ಯವನ್ನೂ ಅವರು ತೋರಿಸಿಲ್ಲ’ ಎಂದು ಬರೆಯಿರಿ. ಆ ರೈತರ ದೂರಿನ ಪ್ರತಿ ಸಿಕ್ಕರೆ ಅದನ್ನೂ ಸೇರಿಸಿ, ಇದು ಗ್ಯಾಂಗಿನ ಕೆಲಸ ಎಂಬುದಕ್ಕೆ ಆಧಾರವಾಗುತ್ತದೆ. ಸದ್ಯಕ್ಕೆ ಗ್ರಾಹಕರ ಆಯೋಗಕ್ಕೆ ಹೋಗಬೇಡಿ. ಅಲ್ಲಿ ಪ್ರಕರಣ ಬಾಕಿಯಿದ್ದರೆ ಓಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಆಗದಿದ್ದರೆ ಆ ದಾರಿ ತೆರೆದೇ ಇರುತ್ತದೆ.

ಮಲೆನಾಡ_ಮಗಳು

ಹಾಕಿದೆ ಮೇಡಂ, ದೂರಿನ ನಂಬರ್ ಬಂದಿದೆ. ರೈತರ ಮಗನ ಹತ್ತಿರ ಫೋನಿನಲ್ಲಿ ಮಾತಾಡಿದೆ. ಅವರ ಬ್ಯಾಂಕಿಗೆ ಇನ್ನೂ ಬರೆದೇ ಕೊಟ್ಟಿಲ್ಲವಂತೆ, ಏಳು ದಿನ ದಾಟಿದೆ. ಅವರಿಗೇನಾದರೂ ದಾರಿ ಇದೆಯಾ?

ವಕೀಲೆ_ಮಂಡ್ಯ

ಏಳು ದಿನ ದಾಟಿದರೆ ಆ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ ತೀರ್ಮಾನ. ಆ ನೀತಿಯನ್ನು ಬ್ಯಾಂಕ್ ಎಲ್ಲರಿಗೂ ಕಾಣುವಂತೆ ಪ್ರಕಟಿಸಿರಬೇಕು. ದಾರಿ ಕಿರಿದು, ಮುಚ್ಚಿಲ್ಲ. ನಾಳೆ ಶಾಖೆ ತೆರೆಯುವ ಹೊತ್ತಿಗೆ ಪತ್ರ ಹಿಡಿದು ಹೋಗಲಿ. ಬರೆಯಲು ಬಾರದಿದ್ದರೆ ವಿವರ ನನಗೆ ಕಳಿಸಲು ಹೇಳಿ, ರಾತ್ರಿಯೇ ಬರೆದು ಕಳಿಸುತ್ತೇನೆ.